ವಿಮಾನದಲ್ಲೂ ಪಾರ್ಸೆಲ್ಲಿನಲ್ಲೂ ಬಲೂನು ಒಡೆಯದಂತೆ ಸಾಗಿಸುವ ಬಗೆ

ಊದಿದ ಬಲೂನನ್ನು ವಿಮಾನದಲ್ಲಿ ಒಯ್ಯುವ ಅಥವಾ ಪಾರ್ಸೆಲ್ ಮಾಡುವ ಮೊದಲು ಎರಡು ಸಂಗತಿ ತಿಳಿದಿರಬೇಕು: ಅದನ್ನು ತುಂಬಿದ ಊರಿನಲ್ಲಿ ಗಾಳಿಯ ಒತ್ತಡ ಎಷ್ಟಿದೆ, ದಾರಿಯಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಒಳಗಿನ ಅನಿಲ ಸುಮಾರು ಎಷ್ಟು ಪಟ್ಟು ಹಿಗ್ಗೀತು ಎಂಬುದು ಸಿಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಈ ಲೆಕ್ಕಕ್ಕೆ ಆಧಾರ. ಗಾಳಿ, ಹೀಲಿಯಂ, ಯಾವುದನ್ನು ತುಂಬಿದರೂ ಹಿಗ್ಗುವಿಕೆ ಒಂದೇ.

ಪ್ರಯಾಣಿಕರ ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಒತ್ತಡವನ್ನು ಸಾಮಾನ್ಯವಾಗಿ 8,000 ಅಡಿ ಎತ್ತರದ ಬೆಟ್ಟದ ಮೇಲಿರುವ ಮಟ್ಟಕ್ಕಿಂತ, ಅಂದರೆ ಸುಮಾರು 750 ಮಿಲಿಬಾರ್‌ಗಿಂತ, ಕೆಳಗಿಳಿಯಲು ಬಿಡುವುದಿಲ್ಲ. ಸಮುದ್ರಮಟ್ಟದ ಒತ್ತಡ 1013 ಮಿಲಿಬಾರ್ ಆಗಿರುವುದರಿಂದ ಮಂಗಳೂರಿನಲ್ಲಿ ತುಂಬಿದ ಬಲೂನಿನ ಅನಿಲ ಮೂರನೆಯ ಒಂದು ಪಾಲಿನಷ್ಟು ಹಿಗ್ಗಲು ನೋಡುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒತ್ತಡ ಮೊದಲೇ 910ರ ಆಸುಪಾಸಿನಲ್ಲಿರುವುದರಿಂದ ಅಲ್ಲಿ ತುಂಬಿದ್ದು ಐದನೆಯ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಕೈಚೀಲದಲ್ಲಿಟ್ಟರೆ ಉಳಿಯುತ್ತದೆ, ಕೆಳಗಿನ ಸಾಮಾನು ಕೋಣೆಯಲ್ಲಿ ಒಡೆಯುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಆ ಕೋಣೆಯ ಒತ್ತಡವೂ ಮೇಲಿನಷ್ಟೇ ಇರುತ್ತದೆ. ಬೋಯಿಂಗ್ 787ರಂಥ ಹೊಸ ವಿಮಾನಗಳು ಒಳಗಿನ ಒತ್ತಡವನ್ನು 6,000 ಅಡಿಯ ಮಟ್ಟದಲ್ಲಿ ಕಾಯ್ದುಕೊಳ್ಳುವುದರಿಂದ ಅಲ್ಲಿ ಅಪಾಯ ತುಸು ಕಡಿಮೆ.

ವಿಮಾನದ ಲೆಕ್ಕ ಸೋಲುವ ಊರೊಂದಿದೆ. ಲೇಹ್ ವಿಮಾನ ನಿಲ್ದಾಣ 3,200 ಮೀಟರಿಗೂ ಎತ್ತರದಲ್ಲಿರುವುದರಿಂದ ಹಾರಾಟದಲ್ಲಿ ಉಳಿದ ಬಲೂನು ಅಲ್ಲಿ ಇಳಿಯುವ ಹೊತ್ತಿಗೆ ಒಡೆಯಬಹುದು. ಹಾಗಾಗಿ ಇಳಿಯುವ ಊರಿನ ಎತ್ತರವನ್ನೂ ನೋಡಿಕೊಳ್ಳಬೇಕು.

ಒಡೆಯುವುದರಲ್ಲಿ ಫಾಯಿಲ್ ಬಲೂನೇ ಮುಂದು. ರಬ್ಬರು ಹಿಗ್ಗಿ ಜಾಗ ಕೊಡುತ್ತದೆ. ಫಾಯಿಲ್ ಹಾಳೆ ಹೆಚ್ಚು ಹಿಗ್ಗದ ಕಾರಣ ಒತ್ತಡವೆಲ್ಲ ಅಂಚಿನ ಬೆಸುಗೆಯ ಮೇಲೆ ಬಿದ್ದು ಅದು ಅಲ್ಲೇ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಫಾಯಿಲ್ ಬಲೂನನ್ನು ಮೂರರಲ್ಲಿ ಎರಡು ಪಾಲಷ್ಟೇ ತುಂಬಬೇಕು. ಕಣ್ಣಳತೆಯನ್ನು ನಂಬಬೇಡಿ. ಕೈಪಂಪಿನಿಂದ ಒಮ್ಮೆ ಪೂರ್ತಿ ತುಂಬಿ ಎಷ್ಟು ಸಲ ಒತ್ತಿದಿರೆಂದು ಎಣಿಸಿಕೊಳ್ಳಿ; ಬಾಲದ ತೂತಿನೊಳಗೆ ಸ್ಟ್ರಾ ತೂರಿಸಿ ಗಾಳಿ ಬಿಡಿ; ಬಳಿಕ ಆ ಎಣಿಕೆಯ ಮೂರರಲ್ಲಿ ಎರಡರಷ್ಟು ಒತ್ತಿ ನಿಲ್ಲಿಸಿ. ಅಂಚಿನ ಸುಕ್ಕುಗಳು ನೋಡಲು ಚೆನ್ನಾಗಿರುವುದಿಲ್ಲ, ಆದರೆ ಬಲೂನು ಊರು ತಲುಪುತ್ತದೆ. ಹನ್ನೆರಡು ಇಂಚಿನ ರಬ್ಬರ್ ಬಲೂನಾದರೆ, ರಟ್ಟಿನಲ್ಲಿ ಹತ್ತು ಇಂಚು ಅಗಲದ ದುಂಡು ತೂತು ಕತ್ತರಿಸಿ, ಅದರಲ್ಲಿ ಸಲೀಸಾಗಿ ಹಾಯುವಷ್ಟೇ ಊದಬೇಕು. ಮೇಲೆ ಹೋದಾಗ ಅದರ ಅಡ್ಡಳತೆ ಸುಮಾರು ಹನ್ನೊಂದು ಇಂಚಾದೀತು, ಅಷ್ಟನ್ನು ಅದು ತಡೆಯುತ್ತದೆ.

ಅನಿಲದ ವಿಷಯದಲ್ಲಿ ರಾಜಿ ಬೇಡ. ಜಾತ್ರೆಗಳಲ್ಲಿ ಮಾರುವ ಗ್ಯಾಸ್ ಬಲೂನಿನಲ್ಲಿ ಅನೇಕ ವೇಳೆ ಇರುವುದು ಹೀಲಿಯಂ ಅಲ್ಲ, ಹೊತ್ತಿ ಉರಿಯುವ ಹೈಡ್ರೋಜನ್. ಅದನ್ನು ವಿಮಾನಕ್ಕೂ ಪಾರ್ಸೆಲ್ಲಿಗೂ ಒಯ್ಯಲೇಕೂಡದು. ಹೀಲಿಯಂ ತುಂಬಿದ ಸಿಲಿಂಡರನ್ನು ಪ್ರಯಾಣಿಕರ ಸಾಮಾನಿನಲ್ಲಿ ಬಿಡುವುದಿಲ್ಲ. ಊದಿದ ಬಲೂನಿನ ವಿಷಯದಲ್ಲಿ ಒಂದೊಂದು ಸಂಸ್ಥೆಯ ನಿಯಮ ಒಂದೊಂದು ಬಗೆಯಾಗಿರುವುದರಿಂದ ಟಿಕೆಟ್ ತೆಗೆಯುವಾಗಲೇ ಕೇಳಿ.

ಲಾರಿಯಲ್ಲಿ ಕಳಿಸುವವರು ಘಟ್ಟವನ್ನು ಮರೆಯುತ್ತಾರೆ. ಮಂಗಳೂರಿನಿಂದ ಶಿರಾಡಿ ಘಟ್ಟ ಹತ್ತಿ ಬೆಂಗಳೂರಿಗೆ ಬರುವ ಬಲೂನು ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಇದರ ಮೇಲೆ ಬಿಸಿಲಿನಲ್ಲಿ ನಿಂತ ಮುಚ್ಚಿದ ಲಾರಿಯ ಒಳಗು 25 ಡಿಗ್ರಿಯಿಂದ 50 ಡಿಗ್ರಿಗೆ ಏರಿದರೆ ಇನ್ನೊಂದು ಶೇಕಡಾ 8 ಸೇರುತ್ತದೆ. ಬಿಗಿಯಾಗಿ ತುಂಬಿದ ಫಾಯಿಲ್‌ಗೆ ಇಷ್ಟು ಸಾಕು. ಪೆಟ್ಟಿಗೆಯೊಳಗೂ ಹಿಗ್ಗಲು ಜಾಗ ಬಿಡಿ; ಒಡೆಯುವ ಸಾಮಾನಿನ ಸುತ್ತ ಇಡುವ ಗಾಳಿಚೀಲಗಳಿಗೂ ಇದೇ ನಿಯಮ. ಅಲಂಕಾರಕ್ಕಾಗಿ ನೂರಾರು ಬಲೂನು ಬೇಕಿದ್ದರೆ ಊದದೆಯೇ ಮಡಚಿ ಪಂಪಿನೊಂದಿಗೆ ಕಳಿಸುವುದೇ ಸರಿ. ಊದಿ ಕಳಿಸಿದರೆ ಗಾಳಿಗೂ ಬಾಡಿಗೆ ಕೊಟ್ಟಂತೆ.

ಘಟ್ಟ ಇಳಿಯುವ ಬಲೂನಿನ ಕತೆ ತಿರುಗುಮುರುಗು. ಬೆಂಗಳೂರಿನಲ್ಲಿ ತುಂಬಿದ್ದು ಮಂಗಳೂರಿಗೆ ಬಂದಾಗ ಹತ್ತನೆಯ ಒಂದು ಪಾಲಿನಷ್ಟು ಕುಗ್ಗಿ ಜೋಲುತ್ತದೆ. ತೂತು ಬಿದ್ದಿದೆಯೆಂದು ಎಸೆಯದೆ, ಸ್ಟ್ರಾದ ಮೂಲಕ ಸ್ವಲ್ಪ ಗಾಳಿ ಸೇರಿಸಿ ಒಂದು ಗಂಟೆ ಬಿಟ್ಟು ನೋಡಿ. ಮತ್ತೆ ಜೋತರೆ ಮಾತ್ರ ಬೆಸುಗೆ ಹೋಗಿದೆ ಎಂದರ್ಥ.