ಮಾರ್ಚ್ 5 ಮೇ 3 ಆದ ಕಥೆ: ಹಾಲಿನ ಸೊಸೈಟಿಗೆ ಬರೆದ ಪ್ರೋಗ್ರಾಮ್

2007ರ ಫೆಬ್ರವರಿಯಲ್ಲಿ ಪುತ್ತೂರು ಕಡೆಯ ಒಂದು ಹಾಲಿನ ಸೊಸೈಟಿಗೆ ಲೆಕ್ಕದ ಪ್ರೋಗ್ರಾಮ್ ಬರೆದುಕೊಟ್ಟೆ. ಮುಂದೆ ವಿಷುವಲ್ ಬೇಸಿಕ್ 6 ಎಂಬ ಪ್ರೋಗ್ರಾಮ್ ಭಾಷೆಯ ಫಾರ್ಮ್‌ಗಳು, ಹಿಂದೆ ಆಕ್ಸೆಸ್‌ನ ಒಂದು ಎಂಡಿಬಿ ಫೈಲು (ಮಾಹಿತಿಯೆಲ್ಲ ಟೇಬಲ್‌ಗಳಲ್ಲಿ ಕೂರುವ ಜಾಗ), ನಡುವೆ ಎರಡನ್ನೂ ಜೋಡಿಸುವ ಎಡಿಒ. ಸದಸ್ಯರ ನಂಬರ್ ಹೊಡೆದರೆ ಹೆಸರು ಬರಬೇಕು. ಲೀಟರ್, ಫ್ಯಾಟ್ ಹಾಕಿದರೆ ದುಡ್ಡು ಲೆಕ್ಕವಾಗಬೇಕು. ಹತ್ತು ದಿನಕ್ಕೊಮ್ಮೆ ಬಟವಾಡೆ ಪಟ್ಟಿ ಪ್ರಿಂಟ್ ಆಗಬೇಕು. ಫಾರ್ಮ್ ಬರೆಯಲು ವಾರ ಸಾಕಾಯಿತು. ಆಮೇಲಿನ ತಿಂಗಳುಗಳೆಲ್ಲ ಹೋದದ್ದು ಟೇಬಲ್‌ಗೆ ಏನು ಹೋಗಿ ಕೂತಿದೆ ಎಂದು ಹುಡುಕುವುದರಲ್ಲಿ.

ಫೆಬ್ರವರಿ 21ಕ್ಕೆ ಶುರು ಮಾಡಿದೆವು. 28ರವರೆಗಿನ ಬಟವಾಡೆ ಪೈಸೆ ಪೈಸೆಗೆ ಸರಿ ಬಂತು. ಬೀಗಿದೆ. ಮಾರ್ಚ್ 10ರ ಸಂಜೆ ಎರಡನೇ ಪಟ್ಟಿ ತೆಗೆದಾಗ ಕಾರ್ಯದರ್ಶಿಯವರು ತಮ್ಮ ಕೈಬರಹದ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು ಕರೆದರು. “ಇವರದ್ದು ಎಂಬತ್ತು ಲೀಟರ್ ಆಗ್ಬೇಕು. ನಿನ್ನ ಕಂಪ್ಯೂಟರ್ ನೂರ ನಲವತ್ತನಾಲ್ಕು ಹೇಳ್ತದೆ. ದನ ಅದೇ ಅಲ್ವಾ ಮಾರಾಯಾ?”

ಟೇಬಲ್ ತೆರೆದು ನೋಡಿದರೆ ಮಾರ್ಚ್ 1ರ ಹಾಲು ಜನವರಿ 3ರಲ್ಲಿ ಕೂತಿದೆ. ಮಾರ್ಚ್ 2ರದ್ದು ಫೆಬ್ರವರಿ 3ರಲ್ಲಿ. 5ರದ್ದು ಮೇ 3ರಲ್ಲಿ. ಇನ್ನೂ ಬಾರದ ಮೇ ತಿಂಗಳಲ್ಲಿ! ಮಾರ್ಚ್ 3 ಒಂದು ಮಾತ್ರ ತನ್ನ ಜಾಗದಲ್ಲೇ ಇತ್ತು. ನಾನು ಟೆಕ್ಸ್ಟ್ ಬಾಕ್ಸಿನಲ್ಲಿದ್ದ ತಾರೀಕನ್ನು ಹಾಗೇ ಎತ್ತಿ #05/03/2007# ಎಂದು ಎಸ್‌ಕ್ಯುಎಲ್ ವಾಕ್ಯಕ್ಕೆ, ಎಂದರೆ ಟೇಬಲ್‌ಗೆ ಕೊಡುವ ಆಜ್ಞೆಗೆ, ಅಂಟಿಸುತ್ತಿದ್ದೆ. ಆಕ್ಸೆಸ್ ಹಿಂದಿರುವ ಜೆಟ್ ಎಂಜಿನ್ ಅದನ್ನು ಅಮೆರಿಕದ ಲೆಕ್ಕದಲ್ಲಿ, ತಿಂಗಳು ಮೊದಲು ಎಂದು ಓದುತ್ತದೆ. 21ನೇ ತಿಂಗಳು ಎಂಬುದು ಇಲ್ಲವಲ್ಲ, ಹಾಗಾಗಿ ಅಲ್ಲಿ ಮಾತ್ರ ಸುಮ್ಮನೆ ನಮ್ಮ ಲೆಕ್ಕಕ್ಕೆ ಬಂದುಬಿಡುತ್ತದೆ. ನಾನು ಪರೀಕ್ಷೆ ಮಾಡಿದ್ದೆಲ್ಲ ತಿಂಗಳ ಕೊನೆಯ ವಾರದಲ್ಲಿ.

ಪಟ್ಟಿ ತೆಗೆಯುವ ಕ್ವೆರಿಯಲ್ಲೂ ಅದೇ ತಪ್ಪು. ಮಾರ್ಚ್ 1ರಿಂದ 10 ಎಂದರೆ ಅದಕ್ಕೆ ಜನವರಿ 3ರಿಂದ ಅಕ್ಟೋಬರ್ 3. ಮಾರ್ಚ್‌ನ ಹತ್ತೂ ದಿನ ಆ ಬಲೆಗೆ ಬಿದ್ದವು, ಜೊತೆಗೆ ಆಗಲೇ ಬಟವಾಡೆಯಾಗಿದ್ದ ಫೆಬ್ರವರಿಯ ಎಂಟು ದಿನವೂ. ಆ ಎಂಟು ದಿನ ಇಲ್ಲದಿದ್ದರೆ ಮೊತ್ತ ಸರಿಯಾಗೇ ಕಾಣುತ್ತಿತ್ತು, ನಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ನೆನೆದರೂ ಹೊಟ್ಟೆ ಚುರ್ರೆನ್ನುತ್ತದೆ.

ಸರಿಪಡಿಸಲು ಹೋಗಿ ಇನ್ನೊಂದು ಮಾಡಿದೆ. ದಿನ, ತಿಂಗಳು ಅದಲುಬದಲು ಮಾಡುವ ಅಪ್‌ಡೇಟ್ ಒಂದನ್ನು ಡೇಟ್‌ಸೀರಿಯಲ್ (ವರ್ಷ, ತಿಂಗಳು, ದಿನ ಕೊಟ್ಟರೆ ತಾರೀಕು ಕಟ್ಟುವುದು) ಬಳಸಿ ಬರೆದು, ಕೆಳಗೆ ಯಾವ ಸಾಲುಗಳಿಗೆ ಎಂದು ಹೇಳುವ ವೇರ್ ಹಾಕುವುದನ್ನೇ ಮರೆತು ಓಡಿಸಿದೆ. ಸರಿಯಾಗಿದ್ದ ಫೆಬ್ರವರಿ 21 ಹೋಗಿ 2008ರ ಸೆಪ್ಟೆಂಬರ್ 2 ಆಯಿತು: 2007ರ 21ನೇ ತಿಂಗಳಿನ 2ನೇ ದಿನ! ಪುಣ್ಯಕ್ಕೆ ಫೈಲನ್ನು ಮೊದಲೇ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೆ. ಎರಡನೇ ಸಲ, ದಿನ 12 ಅಥವಾ ಅದಕ್ಕಿಂತ ಕಡಿಮೆ ಇದ್ದ ಸಾಲುಗಳಿಗೆ ಮಾತ್ರ ಓಡಿಸಿದೆ. ಆವತ್ತಿನಿಂದ ಯಾವ ಅಪ್‌ಡೇಟ್ ಬರೆದರೂ ಮೊದಲು ಅದೇ ವೇರ್ ಇಟ್ಟು, ಏನನ್ನೂ ಬದಲಿಸದೆ ಬರೀ ತೋರಿಸುವ ಸೆಲೆಕ್ಟ್ ಓಡಿಸಿ, ಎಷ್ಟು ಸಾಲು ಬರುತ್ತವೆ ಎಂದು ಎಣಿಸುತ್ತೇನೆ.

ಅಂಟಿಸುವ ಚಾಳಿ ಬಿಟ್ಟು ಎಡಿಒ ಕಮಾಂಡ್‌ನ ಪ್ಯಾರಾಮೀಟರ್‌ಗಳಿಗೆ ಹೊರಳಿದೆ. ವಾಕ್ಯದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ, ಅಲ್ಲಿ ಕೂರಬೇಕಾದ ತಾರೀಕೋ ಹೆಸರೋ ಬೇರೆಯಾಗಿ ಹೋಗುತ್ತದೆ. ತಾರೀಕಿನ ಗೋಳು ತೀರಿತು. ಜೊತೆಗೆ, ಹೆಸರಿನ ನಡುವೆ ಒಂಟಿ ಉದ್ಧರಣ ಚಿಹ್ನೆ ಇದ್ದ ಡಿ'ಸೋಜಾ, ಡಿ'ಸಿಲ್ವಾ ಮನೆಯವರನ್ನು ಸೇರಿಸುವಾಗ ಬರುತ್ತಿದ್ದ ಸಿಂಟ್ಯಾಕ್ಸ್ ಎರರ್ ಕೂಡ ಹೋಯಿತು. ನಮ್ಮ ಕಡೆ ಅದೇನು ಸಣ್ಣ ಸಂಖ್ಯೆಯಲ್ಲ!

ಮಳೆಗಾಲದಲ್ಲಿ ಎರಡನೇ ಕಂಪ್ಯೂಟರ್ ಬಂತು, ಹಿಂಡಿ ಮಾರುವ ಕೌಂಟರಿಗೆ. ಸ್ಟಾಕ್ 40 ಚೀಲ ಎಂದು ಎರಡೂ ಕಡೆ ಓದಿಕೊಂಡವು. ಒಬ್ಬರು ಎರಡು ಮಾರಿ 38 ಎಂದು ಬರೆದರು, ಇನ್ನೊಬ್ಬರು ಒಂದು ಮಾರಿ 39 ಎಂದು ಬರೆದರು. ಗೋಡೌನಿನಲ್ಲಿ 37, ಪರದೆ ಮೇಲೆ 39. ಓದಿ, ಕಳೆದು, ತಿರುಗಿ ಬರೆಯುವುದು ಬಿಟ್ಟು, “ಈಗ ಇದ್ದುದರಲ್ಲಿ 2 ಕಳೆ, ಕನಿಷ್ಠ 2 ಇದ್ದರೆ ಮಾತ್ರ” ಎಂದು ಅಪ್‌ಡೇಟ್‌ಗೇ ಹೇಳಿದೆ. ಬದಲಾದ ಸಾಲು ಸೊನ್ನೆ ಎಂದು ಬಂದರೆ ಸ್ಟಾಕ್ ಸಾಲದು ಎಂದರ್ಥ. ಚೀಲ ಕಳೆಯುವುದು, ಸದಸ್ಯರ ಸಾಲದ ಖಾತೆಗೆ ಸೇರಿಸುವುದು, ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗಿಟ್ಟೆ: ಎರಡೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಸಂಜೆ ಕರೆಂಟ್ ಹೋಗುವ ಊರಿನಲ್ಲಿ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2015ರಲ್ಲಿ ಎಲ್ಲವನ್ನೂ ಸಿ ಶಾರ್ಪ್ ಭಾಷೆಗೆ ಮತ್ತು ಒಂದೇ ಫೈಲಿನಲ್ಲಿ ಎಲ್ಲ ಟೇಬಲ್ ಇಡುವ ಎಸ್‌ಕ್ಯುಲೈಟ್‌ಗೆ ತಂದೆ. ಆಗ ಹಾಲು ಕೌಂಟರಿನ ಒಂದೇ ಕಂಪ್ಯೂಟರ್ ಉಳಿದಿತ್ತು; ನೆಟ್‌ವರ್ಕ್ ಮೇಲೆ ಹಂಚುವುದಿದ್ದರೆ ಎಸ್‌ಕ್ಯುಲೈಟ್ ಆರಿಸುತ್ತಿರಲಿಲ್ಲ. ತಾರೀಕಿಗೆಂದೇ ಬೇರೆ ಬಗೆ ಅದರಲ್ಲಿಲ್ಲ. 2015-03-05 ಎಂದು ವರ್ಷ ಮೊದಲಿಟ್ಟು ಪಠ್ಯವಾಗಿ ಬರೆದೆ, ಹಾಗೆ ಬರೆದರೆ ಅನುಕ್ರಮವೂ ತಾನಾಗಿ ಸರಿ ಬರುತ್ತದೆ. ಆದರೆ ಅಲ್ಲೂ ಒಮ್ಮೆ ಎಡವಿದೆ. ಹಾಲಿನ ಪ್ರತಿ ಸಾಲೂ ಪಟ್ಟಿಯಲ್ಲಿರುವ ಸದಸ್ಯರಿಗೇ ಸೇರಿರಬೇಕು ಎನ್ನುವ ಫಾರಿನ್ ಕೀ ಕಟ್ಟಿದ್ದೆ, ಆದರೆ ಪ್ರತಿ ಸಲ ಸಂಪರ್ಕ ತೆರೆದಾಗಲೂ ಅದನ್ನು ಪ್ರಾಗ್ಮಾ ಎಂಬ ಆಜ್ಞೆ ಕೊಟ್ಟು ಚಾಲೂ ಮಾಡಬೇಕೆಂದು ಗೊತ್ತಿರಲಿಲ್ಲ. ಒಬ್ಬ ಸದಸ್ಯರನ್ನು ಅಳಿಸಿದಾಗ ಅವರ ಹಾಲು ಯಾರ ಹೆಸರೂ ಇಲ್ಲದೆ ಟೇಬಲ್‌ನಲ್ಲಿ ಉಳಿಯಿತು. ಈಗ ಪ್ರಾಗ್ಮಾ ಇದೆ, ಫಾರ್ಮ್‌ನಲ್ಲಿ ಡಿಲೀಟ್ ಬಟನ್ ಇಲ್ಲ. ಹಾಲು ಹಾಕುವುದು ನಿಲ್ಲಿಸಿದವರ ಹೆಸರಿನ ಮುಂದೆ ಒಂದು ಟಿಕ್ ಹಾಕುತ್ತಾರೆ, ಅಷ್ಟೇ.