ಮರಣದ ಪುಸ್ತಕ ಮತ್ತು ಆರನೇ ತಿಂಗಳ ಭೇಟಿ

ಮಣ್ಣು ಮಾಡಿದ ಮೇಲೆ ತೀರಿಹೋದವರ ವಿವರವನ್ನು ಮರಣ ರಿಜಿಸ್ಟರಿನಲ್ಲಿ ಬರೆಯಬೇಕು ಎಂದು ಕಥೋಲಿಕ ಧರ್ಮಸಭೆಯ ಕಾನೂನೇ ಹೇಳುತ್ತದೆ. ಆ ರಿಜಿಸ್ಟರ್ ಫಾದರ್ ಅವರ ಕಪಾಟಿನಲ್ಲಿರುತ್ತದೆ. ಅದರಲ್ಲಿ ಹೋದವರ ಲೆಕ್ಕ ಸಿಗುತ್ತದೆ, ಮನೆಯಲ್ಲಿ ಉಳಿದವರ ಲೆಕ್ಕ ಸಿಗುವುದಿಲ್ಲ. ಅದಕ್ಕೇ ಸಾಗರ–ಹೊಸನಗರ ಕಡೆಯ ನಮ್ಮ ಧರ್ಮಕೇಂದ್ರದಲ್ಲಿ (ಒಂದು ಚರ್ಚಿಗೆ ಸೇರಿದ ವ್ಯಾಪ್ತಿ) ಇನ್ನೊಂದು ಪುಸ್ತಕ ಇಟ್ಟಿದ್ದೇವೆ. 200 ಪುಟದ ಉದ್ದ ನೋಟ್‌ಬುಕ್, ಒಂದು ಮನೆಗೆ ಒಂದು ಪುಟ.

ಪುಟದ ಮೇಲ್ಭಾಗದಲ್ಲಿ ತೀರಿಹೋದವರ ಜ್ಞಾನಸ್ನಾನದ (ಬ್ಯಾಪ್ಟಿಸಮ್) ಹೆಸರು, ಊರಲ್ಲಿ ಕರೆಯುವ ಹೆಸರು, ಮನೆ ಹೆಸರು, ಮರಣದ ತಾರೀಕು, ಸಮಾಧಿ ಯಾವ ಸಾಲಿನಲ್ಲಿ ಎಷ್ಟನೆಯದು. ಕೆಳಗೆ ಮನೆಯ ಸ್ಥಿತಿ: ಈಗ ಯಾರ್‍ಯಾರು ಇದ್ದಾರೆ, ಹಾಲು ಕರೆಯುವವರು ಯಾರು, ತೋಟ ಎಷ್ಟು, ಔಷಧಿ ಹೊಡೆಸುತ್ತಿದ್ದವರು ಯಾರು, ಬ್ಯಾಂಕಿಗೆ ಓಡಾಡುತ್ತಿದ್ದವರು ಯಾರು. ಕೊನೆಯಲ್ಲಿ ಭೇಟಿಯ ಆರು ಗೆರೆ: 3ನೇ ದಿನ, 7ನೇ ದಿನ, 30ನೇ ದಿನ, 3ನೇ ತಿಂಗಳು, 6ನೇ ತಿಂಗಳು, ವರ್ಷ. ಹೋಗಿ ಬಂದವರು ಅಲ್ಲಿ ತಾರೀಕು ಹಾಕಿ ಸಹಿ ಮಾಡುತ್ತಾರೆ. ಆ ಮನೆಯಲ್ಲಿ ಏನು ಮಾತಾಯಿತು, ಯಾರು ಯಾರ ಮೇಲೆ ಸಿಟ್ಟಾಗಿದ್ದಾರೆ, ಯಾರು ಕುಡಿಯುತ್ತಿದ್ದಾರೆ ಎಂಬುದನ್ನು ಬರೆಯುವುದೇ ಇಲ್ಲ. ಬರೆದಿದ್ದಾರೆ ಎಂಬ ಸುದ್ದಿ ಒಮ್ಮೆ ಹೊರಬಿದ್ದರೆ ಆಮೇಲೆ ಯಾವ ಮನೆಯವರೂ ಬಾಯಿ ಬಿಡುವುದಿಲ್ಲ.

ಆರು ಭೇಟಿಗಳಲ್ಲಿ ಮೊದಲ ಮೂರು ಪುಸ್ತಕವಿಲ್ಲದಿದ್ದರೂ ನಡೆಯುತ್ತವೆ. ಏಳನೇ ದಿನದ ಪೂಜೆ, ತಿಂಗಳ ಪೂಜೆ ಎಂದರೆ ನೆಂಟರು ತಾವಾಗಿಯೇ ಬರುತ್ತಾರೆ, ಮನೆ ತುಂಬಿರುತ್ತದೆ. ತಿಂಗಳ ಪೂಜೆಯ ಊಟ ಮುಗಿದ ಮಾರನೇ ದಿನ ಮುಂಬೈಗೆ, ಮಂಗಳೂರಿಗೆ, ಬೆಂಗಳೂರಿಗೆ ಬಸ್ ಹತ್ತುತ್ತಾರೆ. ಒಂಟಿ ಮನೆಗಳ ಮಲೆನಾಡಿನಲ್ಲಿ ಪಕ್ಕದ ಮನೆ ಅಂದರೂ ಅರ್ಧ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಕಷ್ಟ ಶುರುವಾಗುವುದೇ ಆಗ. ಆರನೇ ತಿಂಗಳ ಗೆರೆ ಖಾಲಿ ಉಳಿದರೆ ಉಳಿದ ಐದಕ್ಕೂ ಅರ್ಥ ಕಡಿಮೆ ಎಂದು ವಾರ್ಡಿನ (ಧರ್ಮಕೇಂದ್ರದ ಒಂದು ಭಾಗದ ಮನೆಗಳ) ಮುಂದಾಳುಗಳಾದ ಗುರಿಕಾರರಿಗೆ ಮತ್ತೆ ಮತ್ತೆ ಹೇಳುತ್ತೇವೆ.

ಮೊದಲ ದಿನದ ಕೆಲಸದಲ್ಲಿ ಭಾವನೆಗಿಂತ ಅಳತೆ ಮುಖ್ಯ. ಹೊತ್ತು ಗೊತ್ತು ಮಾಡುವ ಮೊದಲು ಎರಡು ವಿಷಯ ಕೇಳಿಕೊಳ್ಳುತ್ತೇವೆ: ಯಾರು ಬರಲೇಬೇಕು, ಕರೆಂಟ್ ಇದೆಯೇ. ಜುಲೈ ಮಳೆಯಲ್ಲಿ ಲೈನ್ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟ್ ಬಾರದು, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆ ಬರೀ ಪೆಟ್ಟಿಗೆಯಾಗುತ್ತದೆ. ಜನರೇಟರ್ ಸಿಗುವುದು ಖಾತ್ರಿಯಾಗದೆ ‘ನಾಡಿದ್ದು ಬೆಳಿಗ್ಗೆ’ ಎಂದು ಯಾರಿಗೂ ಮಾತು ಕೊಡಬಾರದು. ಗುಂಡಿಗೆ ಮೊದಲು ಶವಪೆಟ್ಟಿಗೆಯನ್ನು ಹಿಡಿಕೆ ಸಮೇತ ಅಳೆಯಬೇಕು. ಆಳಿನ ಅಂದಾಜಿಗೆ ಅಗೆದರೆ ಹಿಡಿಕೆ ತಾಗಿ ಪೆಟ್ಟಿಗೆ ಅರ್ಧಕ್ಕೇ ನಿಲ್ಲುತ್ತದೆ, ಅದೂ ಮನೆಯವರ ಕಣ್ಣೆದುರು. ಸಾಮಾನ್ಯವಾಗಿ 7 ಅಡಿ ಉದ್ದ, 3 ಅಡಿ ಅಗಲ, 5ರಿಂದ 6 ಅಡಿ ಆಳ. ಜಂಬಿಟ್ಟಿಗೆ ನೆಲವಾದರೆ ಹಾರೆ, ಪಿಕಾಸಿ ಹಿಡಿದ ನಾಲ್ಕು ಜನರಿಗೆ ಅರ್ಧ ದಿನದ ಕೆಲಸ. ಮಳೆಗಾಲದಲ್ಲಿ ಹಿಂದಿನ ದಿನವೇ ಅಗೆದಿಟ್ಟರೆ ಬದಿ ಕುಸಿಯುತ್ತದೆ, ತಳದಲ್ಲಿ ನೀರು ನಿಲ್ಲುತ್ತದೆ. ಆ ದಿನ ಬೆಳಿಗ್ಗೆಯೇ ಅಗೆದು, ಸುತ್ತ ಒಂದು ಗೇಣು ಆಳದ ಕಾಲುವೆ ತೆಗೆದು, ಮೇಲೆ ಟಾರ್ಪಾಲು ಕಟ್ಟಿ, ಎರಡು ಬಕೆಟ್ ಪಕ್ಕದಲ್ಲಿಡುತ್ತೇವೆ. ಇಳಿಸಲು ದಪ್ಪ ತೆಂಗಿನ ನಾರಿನ ಹಗ್ಗವೇ ಸರಿ, ನೆನೆದ ನೈಲಾನ್ ಕೈಯಿಂದ ಜಾರುತ್ತದೆ.

ಆ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ, ವಾರ್ಡಿನವರದೇ ಅಡುಗೆ. 60 ಜನಕ್ಕೆ 6 ಕೆಜಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಉಪ್ಪಿನಕಾಯಿ ಸಾಕು. 100 ಲೋಟ ಚಹಾಕ್ಕೆ 5 ಲೀಟರ್ ಹಾಲು, 5 ಲೀಟರ್ ನೀರು, ಕಾಲು ಕೆಜಿ ಚಹಾಪುಡಿ, 1 ಕೆಜಿ ಸಕ್ಕರೆ. ಸಕ್ಕರೆ ಕಾಯಿಲೆಯವರಿಗೆ ಒಂದು ಫ್ಲಾಸ್ಕ್ ಬೇರೆ ತೆಗೆದಿಡಬೇಕು. ಇಷ್ಟು ಸರಳವಾಗಿಟ್ಟರೆ ಬಡವರ ಮನೆಗೂ ಉಳ್ಳವರ ಮನೆಗೂ ಅಂತರ ಕಾಣುವುದಿಲ್ಲ. ಮುಂದಿನ ದಿನಗಳಲ್ಲಿ ಊಟ ಒಯ್ಯುವವರಿಗೆ ಒಂದು ಮಾತು: ಒಳ್ಳೆಯ ಪಾತ್ರೆಯಲ್ಲಿ ಒಯ್ಯಬೇಡಿ. ನಮ್ಮ ಕಡೆ ಪಾತ್ರೆಯನ್ನು ಖಾಲಿ ತಿರುಗಿ ಕಳಿಸುವ ಪದ್ಧತಿಯಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಹತ್ತು ಮನೆಯ ಪಾತ್ರೆಗೆ ಏನು ತುಂಬಿಸಲಿ ಎಂದು ಯೋಚಿಸುತ್ತ ಕೂರುವಂತಾಗುತ್ತದೆ. ಬಾಳೆಲೆ ಕಟ್ಟು ಅಥವಾ ಹಳೆಯ ಡಬ್ಬಿ ಸಾಕು.

ಭೇಟಿಗೆ ಇಬ್ಬರೇ ಹೋಗುವುದು, ಅವರಲ್ಲಿ ಒಬ್ಬರು ಹೆಂಗಸು. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಜಪಸರ (ರೋಸರಿ) ಹೇಳುವುದಾದರೆ ಕೇಳಿ ಹೇಳಬೇಕು. ಕೆಲವರಿಗೆ ಪ್ರಾರ್ಥನೆ ಬಾಯಿಗೆ ಬಾರದ ಹೊತ್ತು ಅದು, ಅವರಿಗೆ ಬದಲಾಗಿ ನಾವು ಚರ್ಚಿನಲ್ಲಿ ಹೇಳಬಹುದು. ‘ದೇವರ ಚಿತ್ತ’, ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’, ‘ಇನ್ನೊಂದು ಮಗು ಆಗುತ್ತೆ ಬಿಡು’ ಇವು ಹೇಳುವವರ ಇರಿಸುಮುರಿಸು ಕಳೆಯುವ ಮಾತುಗಳು, ಕೇಳುವವರಿಗೆ ಬಾಯಿ ಮುಚ್ಚಿಸಿದ ಹಾಗೆ. ತೀರಿಹೋದವರ ಹೆಸರು ಹಿಡಿದು ಮಾತಾಡಬೇಕು. ಹೆಸರೆತ್ತಿದರೆ ಅಳುತ್ತಾರೆ ಎಂದು ಎಲ್ಲರೂ ತಪ್ಪಿಸುತ್ತಾರೆ, ಆರು ತಿಂಗಳಲ್ಲಿ ಆ ಹೆಸರು ಊರಲ್ಲೇ ಕೇಳದಂತಾಗುತ್ತದೆ. ಮನೆಯವರಿಗೆ ಅದು ಎರಡನೇ ನಷ್ಟ.

‘ಏನಾದರೂ ಬೇಕಿದ್ದರೆ ಹೇಳಿ’ ಎಂದು ಬರುವುದೂ ಬೇಡ, ಯಾರೂ ಹೇಳುವುದಿಲ್ಲ. ‘ಅಕ್ಕಾ, ಈ ವಾರ ಡೈರಿಗೆ ಹಾಲು ನಾನೇ ಹಾಕಿ ಬರ್ತೀನಿ’ ಎಂದರೆ ‘ಹೂಂ’ ಎನ್ನುವುದಷ್ಟೇ ಅವರ ಕೆಲಸ. ಪುಸ್ತಕದಲ್ಲಿ ತೋಟದ ವಿವರ ಬರೆಯುವುದೂ ಇದಕ್ಕೇ. ಅಡಿಕೆಗೆ ಮುಂಗಾರು ಹಿಡಿಯುವ ಹೊತ್ತಿಗೆ ಒಮ್ಮೆ, ಅದಾಗಿ 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯದಿದ್ದರೆ ಕೊಳೆ ರೋಗ ಹಿಡಿಯುತ್ತದೆ. ಜೂನ್ ಕೊನೆಯಲ್ಲಿ ಯಜಮಾನ ತೀರಿಕೊಂಡರೆ ಎರಡನೇ ಔಷಧಿ ತಪ್ಪುವುದು ಹೆಚ್ಚುಕಡಿಮೆ ಖಚಿತ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನ ಫೋನ್ ನಂಬರು ಸತ್ತವರ ಮೊಬೈಲಿನಲ್ಲಿರುತ್ತದೆ, ಮೈಲುತುತ್ತ ಎಷ್ಟು ತರಿಸಿದ್ದರು, ದುಡ್ಡು ಯಾರಿಗೆ ಬಾಕಿ ಎಂಬುದು ಮನೆಯ ಹೆಂಗಸರಿಗೆ ಗೊತ್ತಿರುವುದಿಲ್ಲ. ಆಗಸ್ಟಿನಲ್ಲಿ ಕಾಯಿ ಉದುರಿತೆಂದರೆ ವರ್ಷದ ಆದಾಯವೇ ಹೋಯಿತು. ಆದ್ದರಿಂದ ಮಳೆಗಾಲದ ಸಾವಾದರೆ 7ನೇ ದಿನದ ಭೇಟಿಯಲ್ಲೇ ಔಷಧಿಯ ತಾರೀಕು ಕೇಳಿ ಬರೆದುಕೊಂಡು, ವಾರ್ಡಿನ ಒಬ್ಬರು ತಮ್ಮ ತೋಟಕ್ಕೆ ಕೊನೆಗಾರನನ್ನು ಕರೆಸುವ ದಿನವೇ ಆ ತೋಟಕ್ಕೂ ಗೊತ್ತು ಮಾಡುತ್ತಾರೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ದ್ರಾವಣ ಆ ದಿನದ್ದು ಆ ದಿನವೇ ಮುಗಿಯಬೇಕು, ಹಾಗಾಗಿ ಎರಡು ತೋಟಕ್ಕೆ ಒಟ್ಟಿಗೆ ಮಾಡಿದರೆ ನಷ್ಟವೂ ಇಲ್ಲ. ಕೂಲಿ ಆ ಮನೆಯವರೇ ಕೊಡುತ್ತಾರೆ. ಪೂರ್ತಿ ದಾನವಾದರೆ ಮುಂದಿನ ವರ್ಷ ಕೇಳಲು ಅವರಿಗೇ ಸಂಕೋಚ.

ಕಾಗದಪತ್ರಕ್ಕೆ ಓದು ಬರಹ ಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಗೊತ್ತು ಮಾಡಿದ್ದೇವೆ. ಮರಣ ನೋಂದಣಿ 21 ದಿನದೊಳಗೆ ಆಗಬೇಕು. ತಡವಾದರೆ ದಂಡ, ಆಮೇಲೆ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಮನೆಯಲ್ಲೇ ತೀರಿಕೊಂಡವರದು ಹೆಚ್ಚಾಗಿ ಉಳಿದುಹೋಗುತ್ತದೆ, ಏಕೆಂದರೆ ಮಣ್ಣಾದ ಮೇಲೆ ಎಲ್ಲ ಮುಗಿಯಿತು ಎಂಬ ಭಾವನೆ. ಪ್ರಮಾಣಪತ್ರ ಒಂದೇ ಸಾಲದು, ಐದಾರು ಪ್ರತಿ ತೆಗೆಸಬೇಕು. ಸತ್ತವರ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದೆಯೇ ನೋಡಿ. ಆಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, ನಾಮಿನಿಗೆ 2 ಲಕ್ಷ ಸಿಗುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಸುರಕ್ಷಾ ವಿಮೆ, ಅದು ಅಪಘಾತದ ಸಾವಿಗೆ. ಪಹಣಿ ಸತ್ತವರ ಹೆಸರಿನಲ್ಲಿದ್ದರೆ ಪೌತಿ ಖಾತೆಗೆ (ವಾರಸುದಾರರ ಹೆಸರಿಗೆ ಬದಲಾಯಿಸಲು) ಅರ್ಜಿ. ಅಣ್ಣತಮ್ಮಂದಿರ ನಡುವೆ ಮಾತು ಕೆಡುವುದು ಇಲ್ಲಿಯೇ, ನಾವು ಅರ್ಜಿ ಬರೆದುಕೊಟ್ಟು ಎದ್ದು ಬರುತ್ತೇವೆ, ಪಂಚಾಯಿತಿಗೆ ಕೂರುವುದಿಲ್ಲ.

ಊಟ ಬಿಟ್ಟಿದ್ದಾರೆ, ‘ನಾನಿದ್ದು ಏನಾಗಬೇಕು’ ಎನ್ನುತ್ತಿದ್ದಾರೆ ಎಂದು ಕಂಡರೆ ಅದನ್ನು ಬರೀ ದುಃಖವೆಂದು ಬಿಡಬಾರದು. ಒಂಟಿಯಾಗಿ ಬಿಡದೆ, ತಾಲ್ಲೂಕು ಆಸ್ಪತ್ರೆಗೆ ಜೊತೆಯಲ್ಲಿ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ತಾವೇ ಜೀವ ಕಳೆದುಕೊಂಡವರ ಮನೆಗೆ ಹೋಗಲು ಇಂದಿಗೂ ಕೆಲವರು ಹಿಂಜರಿಯುತ್ತಾರೆ. ಅಂಥವರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲವೆಂಬುದು ಧರ್ಮಸಭೆಯ 1917ರ ಕಾನೂನಿನ ಕಾಲದ ಮಾತು, 1983ರ ಕಾನೂನಿನಲ್ಲಿ ಆ ನಿಷೇಧ ಇಲ್ಲ. ಜ್ಞಾನಸ್ನಾನ ಕೊಡಿಸುವ ಮನಸ್ಸಿದ್ದು ಅಷ್ಟರಲ್ಲಿ ಹೋದ ಮಗುವಿಗೂ ಧರ್ಮಾಧ್ಯಕ್ಷರ (ಬಿಷಪ್) ಅನುಮತಿಯಿಂದ ಅಂತ್ಯಕ್ರಿಯೆ ಮಾಡಬಹುದು. ಇವೆರಡನ್ನೂ ಗುರಿಕಾರರಿಗೆ ಮೊದಲೇ ತಿಳಿಸಿಡಬೇಕು, ಮನೆಯವರು ಅಂಗಳದಲ್ಲಿ ನಿಂತು ಕೇಳುವ ಹಾಗಾಗಬಾರದು.

ಇನ್ನು ನವೆಂಬರ್ 2, ಸಕಲ ಮೃತರ ಸ್ಮರಣೆ. ಫ್ರಾನ್ಸಿನ ಕ್ಲುನಿ ಮಠದ ಸಂತ ಒಡಿಲೋ ಸಾವಿರ ವರ್ಷದ ಹಿಂದೆ ತಮ್ಮ ಮಠಗಳಲ್ಲಿ ಶುರು ಮಾಡಿದ ಆಚರಣೆ ಇದು. ಗುರುಗಳು ಆ ದಿನ ಮೂರು ಬಲಿಪೂಜೆ ಅರ್ಪಿಸಬಹುದು, ಹದಿನೈದನೇ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) 1915ರಲ್ಲಿ ಕೊಟ್ಟ ಅನುಮತಿ. ಹಳ್ಳಿಹಳ್ಳಿಗೆ ಸ್ಮಶಾನವಿರುವ ನಮ್ಮಂಥ ಕಡೆ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಮೃತರಿಗಾಗಿ ಸಂಪೂರ್ಣ ದಂಡವಿಮೋಚನೆ (ಪಾಪದ ಶಿಕ್ಷೆಯ ಮನ್ನಾ) ಪಡೆಯುವ ಸ್ಮಶಾನ ಭೇಟಿಗೆ ನವೆಂಬರ್ 1ರಿಂದ 8ರವರೆಗೆ ಅವಕಾಶವಿದೆ. ಆದ್ದರಿಂದ ಎಲ್ಲ ಸ್ಮಶಾನಗಳನ್ನೂ ಒಂದೇ ಸಂಜೆ ಮುಗಿಸುವ ಧಾವಂತ ಬೇಡ.

ಸ್ಮಶಾನವನ್ನು ಎರಡು ಸಲ ಸವರುತ್ತೇವೆ. ಮೊದಲನೆಯದು ಸೆಪ್ಟೆಂಬರ್ ಕೊನೆಯಲ್ಲಿ, ಕಮ್ಯುನಿಸ್ಟ್ ಗಿಡವೆಂಬ ಕಳೆ ಹೂವಿಗೆ ಬರುವ ಮೊದಲು, ಬೇರು ಸಮೇತ. ಎರಡನೆಯದು ಹಬ್ಬಕ್ಕೆ ನಾಲ್ಕು ದಿನ ಇರುವಾಗ. ಒಂದೇ ಸಲ ಕೊನೆಗೆ ಸವರಿದರೆ ಹಸಿ ರಾಶಿ ಹಾಕಲು ಜಾಗವಿರುವುದಿಲ್ಲ, ಉಂಬಳವೂ (ಜಿಗಣೆ) ಬಿಡುವುದಿಲ್ಲ. ಕಳೆನಾಶಕ ಹೊಡೆಯುವುದಿಲ್ಲ: ಹುಲ್ಲಿನ ಬೇರು ಸತ್ತ ಇಳಿಜಾರಿನ ಮಣ್ಣು ಮುಂದಿನ ಮಳೆಗೆ ಸಮಾಧಿಯನ್ನೂ ಎಳೆದುಕೊಂಡು ಹೋಗುತ್ತದೆ. ಕಲ್ಲಿನ ಮೇಲಿನ ಪಾಚಿಯನ್ನು ಒದ್ದೆಯಿರುವಾಗಲೇ ಬ್ರಷ್‌ನಿಂದ ಉಜ್ಜಿ, ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಸುಣ್ಣ. ಸುಣ್ಣ ಹಿಂದಿನ ರಾತ್ರಿಯೇ ನೆನೆದು ಅರಳಿರಬೇಕು. ತೆಳುವಾಗಿ ಎರಡು ಸಲ ಬಳಿದರೆ ನಿಲ್ಲುತ್ತದೆ, ದಪ್ಪಗೆ ಒಂದೇ ಸಲ ಬಳಿದರೆ ಹಕ್ಕಳೆ ಏಳುತ್ತದೆ. ಹೊಸ ಸಮಾಧಿಗೆ ಆ ವರ್ಷ ಸಿಮೆಂಟ್ ಕಟ್ಟೆ ಕಟ್ಟಲು ಬಿಡುವುದಿಲ್ಲ. ಒಂದು ಪೂರ್ತಿ ಮಳೆಗಾಲ ಕಳೆದು, ಒಳಗೆ ಪೆಟ್ಟಿಗೆ ಕುಸಿದು, ಮಣ್ಣು ಇಳಿದು, ಮತ್ತೆ ತುಂಬಿ ಗಟ್ಟಿಯಾದ ಮೇಲೆ ಕಟ್ಟಿದರೆ ಬಿರುಕು ಬಿಡದು. ಅಷ್ಟರವರೆಗೆ ಒಂದು ಗೇಣು ಎತ್ತರಕ್ಕೆ ಮಣ್ಣು ಏರಿಸಿ, ಮರದ ಶಿಲುಬೆ ನೆಟ್ಟರೆ ಸಾಕು. ವಿದೇಶದಿಂದ ರಜೆ ಹಾಕಿ ಬಂದ ಮಕ್ಕಳಿಗೆ ಇದನ್ನು ಒಪ್ಪಿಸುವುದು ಮಣ್ಣು ಏರಿಸುವುದಕ್ಕಿಂತ ಕಷ್ಟ.

ಹೆಸರಿನ ಚೀಟಿಗಳನ್ನು ಅಕ್ಟೋಬರ್ ಎರಡನೇ ವಾರದಿಂದ ತೆಗೆದುಕೊಳ್ಳುತ್ತೇವೆ. ಒಂದೇ ಜ್ಞಾನಸ್ನಾನದ ಹೆಸರಿನವರು ಊರಿಗೆ ನಾಲ್ಕು ಜನ ಇರುವುದರಿಂದ ಮನೆ ಹೆಸರಿಲ್ಲದ ಚೀಟಿಯನ್ನು ವಾಪಸ್ ಕೊಡುತ್ತೇವೆ. ಚೀಟಿಯಲ್ಲಿ ಕೊಂಕಣಿಯ, ತಮಿಳಿನ ಹೆಸರುಗಳು ಕನ್ನಡ ಅಕ್ಷರದಲ್ಲಿರುತ್ತವೆ, ಓದುವವರು ಮನೆಯವರ ಬಾಯಿಂದ ಒಮ್ಮೆ ಕೇಳಿಸಿಕೊಂಡಿರಬೇಕು. 200 ಹೆಸರನ್ನು ಅರ್ಥವಾಗುವಂತೆ ಓದಲು ಕಾಲು ಗಂಟೆ ಬೇಕು. ಹಾಗಾಗಿ ಪೂಜೆಯಲ್ಲಿ ಆ ವರ್ಷ ಹೋದವರ ಹೆಸರು ಮಾತ್ರ. ಪ್ರತಿ ಹೆಸರಿಗೆ ಮನೆಯ ಒಬ್ಬರು ಬಂದು ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದ ಒಂದು ಬತ್ತಿ ಹಚ್ಚಿಕೊಳ್ಳುತ್ತಾರೆ. ಯಾರೂ ಬಾರದಿದ್ದರೆ ಗುರಿಕಾರರು ಹಚ್ಚುತ್ತಾರೆ. ಹಳೆಯ ಹೆಸರುಗಳ ಚೀಟಿ ಪೀಠದ ಮುಂದಿನ ಪೆಟ್ಟಿಗೆಯಲ್ಲಿರುತ್ತವೆ, ಅವನ್ನು ಸ್ಮಶಾನದಲ್ಲಿ ಸಾಲು ಸಾಲಾಗಿ ಓದುತ್ತೇವೆ. ಪೂಜೆಯ ಕಾಣಿಕೆ ಕೊಡಲಾಗದವರ ಹೆಸರನ್ನು ಬಿಡುವ ಪ್ರಶ್ನೆಯೇ ಇಲ್ಲ. ಕಾಣಿಕೆ ಇಲ್ಲದಿದ್ದರೂ ಬಡವರ ಕೋರಿಕೆಗೆ ಪೂಜೆ ಅರ್ಪಿಸಬೇಕೆಂದು ಧರ್ಮಸಭೆಯ ಕಾನೂನೇ ಗುರುಗಳಿಗೆ ಶಿಫಾರಸು ಮಾಡುತ್ತದೆ.

ಸಮಾಧಿಯ ಮೇಲಿನ ಬತ್ತಿ ಸಂಜೆ ಗಾಳಿಗೆ ನಿಲ್ಲುವುದಿಲ್ಲ. ಪೇಪರ್ ಲೋಟದ ಮರೆ ಕೊಟ್ಟರೆ ಲೋಟವೇ ಹೊತ್ತಿ, ಸವರಿ ಒಣಗಿದ ಹುಲ್ಲಿಗೆ ಕಿಡಿ ತಾಗುತ್ತದೆ. ತೆಂಗಿನ ಗೆರಟೆಗೆ ಅರ್ಧ ಮರಳು ತುಂಬಿ ಅದರಲ್ಲಿ ಗಿಡ್ಡ ಬತ್ತಿ ನೆಟ್ಟರೆ ಗಾಳಿಗೂ ತಡೆಯುತ್ತದೆ, ಮೇಣವೂ ಕಲ್ಲಿಗೆ ಅಂಟುವುದಿಲ್ಲ. ಕೊನೆಯಲ್ಲಿ ಇಬ್ಬರು ಯುವಕರು ನೀರಿನ ಕೊಡ ಹಿಡಿದು ಎಲ್ಲ ಸಾಲು ಸುತ್ತಿ, ಉರಿಯುತ್ತಿರುವುದನ್ನು ಆರಿಸಿಯೇ ಗೇಟು ಹಾಕುತ್ತಾರೆ. ಹೂವಿನ ಪ್ಲಾಸ್ಟಿಕ್ ಕವರುಗಳನ್ನು ಮಾರನೇ ದಿನ ಬೆಳಿಗ್ಗೆಯೇ ಹೆಕ್ಕಿ ತೆಗೆಯಬೇಕು. ತಡಮಾಡಿದರೆ ಹೂವಿನ ಆಸೆಗೆ ನುಗ್ಗುವ ದನಗಳು ಅವನ್ನೂ ಸೇರಿಸಿ ತಿನ್ನುತ್ತವೆ.