ಸೇನೆಯಿಂದ ನಿವೃತ್ತರಾಗಿ ಯುಎಇಗೆ ಕೆಲಸಕ್ಕೆ ಹೊರಡುವವರು ಮತ್ತು ಅವರ ಕುಟುಂಬಗಳು ಮಾಡಿಕೊಳ್ಳಬೇಕಾದ ತಯಾರಿ

ಹದಿನೈದು, ಹದಿನೇಳು ವರ್ಷ ಸೇನೆಯಲ್ಲಿ ದುಡಿದು ನಲವತ್ತರ ಆಸುಪಾಸಿನಲ್ಲಿಯೇ ಪಿಂಚಣಿ ಪಡೆದು ಊರಿಗೆ ಮರಳುವ ಯೋಧರ ಮುಂದೆ ಇನ್ನೂ ಅರ್ಧ ಆಯುಸ್ಸಿನ ದುಡಿಮೆ ಬಾಕಿ ಇರುತ್ತದೆ. ಮಕ್ಕಳ ಓದು, ಅರ್ಧಕ್ಕೆ ನಿಂತ ಮನೆ, ತಂಗಿಯ ಮದುವೆ ಎಂದು ಲೆಕ್ಕ ಹಾಕಿ, ಕೊಡಗು, ಬೆಳಗಾವಿ ಮುಂತಾದ ಕಡೆಗಳಿಂದ ದುಬೈ ಅಥವಾ ಅಬುಧಾಬಿಯ ಭದ್ರತಾ ಸಿಬ್ಬಂದಿ, ಚಾಲಕ, ಉಗ್ರಾಣ ಮೇಲ್ವಿಚಾರಕನ ಕೆಲಸಕ್ಕೆ ಹೊರಡುವವರಿದ್ದಾರೆ. ಸೇನೆಯಲ್ಲಿದ್ದಾಗ ವರ್ಗಾವಣೆಯ ಆದೇಶ, ಪ್ರಯಾಣದ ವಾರಂಟ್, ವಸತಿ ಎಲ್ಲವನ್ನೂ ಘಟಕದ ಕಚೇರಿಯೇ ನೋಡಿಕೊಳ್ಳುತ್ತಿತ್ತು. ವಿದೇಶದ ಖಾಸಗಿ ಕೆಲಸದಲ್ಲಿ ಆ ಕಚೇರಿ ಇಲ್ಲ. ಯಾವ ಕಾಗದಕ್ಕೆ ಸಹಿ ಮಾಡಿದ್ದೀರಿ, ಯಾವ ಕಾಗದ ನಿಮ್ಮ ಬಳಿ ಇದೆ ಎಂಬುದೇ ಅಲ್ಲಿ ನಿಮ್ಮ ಸ್ಥಿತಿಯನ್ನು ನಿರ್ಧರಿಸುತ್ತದೆ. ಆದ್ದರಿಂದ ತಯಾರಿಯ ಬಹುಪಾಲು ವಿಮಾನ ಹತ್ತುವ ಮೊದಲೇ, ಮನೆಯಲ್ಲಿ ಕುಳಿತು, ಹೆಂಡತಿಯನ್ನೂ ಜೊತೆಗಿರಿಸಿಕೊಂಡು ಮುಗಿಸಬೇಕಾದದ್ದು.

ಹೆಸರು ಮತ್ತು ಜನ್ಮದಿನಾಂಕದ ಹೊಂದಾಣಿಕೆ

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಒಂದೇ ಹೆಸರಿರುವುದು ಸಾಮಾನ್ಯ. ಅದರಂತೆ ಪಾಸ್‌ಪೋರ್ಟ್ ಮಾಡಿಸುವಾಗ ಉಪನಾಮದ ಜಾಗವನ್ನು ಖಾಲಿ ಬಿಟ್ಟವರೂ ಅನೇಕರು. ಯುಎಇ 2022ರ ನವೆಂಬರ್‌ನಲ್ಲಿ ಇಂಥ ಒಂದೇ ಹೆಸರಿನ ಪಾಸ್‌ಪೋರ್ಟ್‌ನಲ್ಲಿ ಪ್ರವಾಸಿ ವೀಸಾದ ಮೇಲೆ ಬರುವವರಿಗೆ ನಿರ್ಬಂಧ ಹೇರಿತು. ಕೆಲಸದ ವೀಸಾದಲ್ಲಿ ಹೋಗುವವರು ಕೂಡ ಹೆಸರು ಮತ್ತು ಉಪನಾಮ ಎರಡೂ ಜಾಗ ತುಂಬಿರುವಂತೆ ಮೊದಲೇ ಸರಿಪಡಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಮುಂದೆ ಹೆಂಡತಿ ಮಕ್ಕಳನ್ನು ನೋಡಲು ಕರೆಸಿಕೊಳ್ಳುವಾಗ ಅವರು ಬರುವುದು ಬಹುಮಟ್ಟಿಗೆ ಪ್ರವಾಸಿ ವೀಸಾದಲ್ಲೇ.

ಮಾಜಿ ಸೈನಿಕರ ಮನೆಯಲ್ಲಿ ಇದಕ್ಕೊಂದು ಹೆಚ್ಚುವರಿ ತೊಡಕಿದೆ. ಮದುವೆಯಾದಾಗ, ಮಕ್ಕಳು ಹುಟ್ಟಿದಾಗ ಸೇವಾ ದಾಖಲೆಗೆ ಕುಟುಂಬದ ವಿವರ ಸೇರಿಸಲು ಘಟಕದಲ್ಲಿ ಹೊರಡಿಸಿದ ಪಾರ್ಟ್ ಟು ಆರ್ಡರ್‌ನಲ್ಲಿರುವ ಹೆಸರು ಒಂದು, ಆಧಾರ್‌ನಲ್ಲಿರುವುದು ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿರುವುದು ಮತ್ತೊಂದು ಎಂಬ ಪರಿಸ್ಥಿತಿ ಎಷ್ಟೋ ಕುಟುಂಬಗಳದ್ದು. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಆಧಾರ್, ಪ್ಯಾನ್, ಪಾಸ್‌ಪೋರ್ಟ್, ವಿವಾಹ ನೋಂದಣಿ ಪತ್ರ ಇವಿಷ್ಟನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಹೆಂಡತಿಯ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಪಿಪಿಒದಲ್ಲಿ "ಲಕ್ಷ್ಮಿ" ಎಂದಿದ್ದು ಪಾಸ್‌ಪೋರ್ಟ್‌ನಲ್ಲಿ "ಲಕ್ಷ್ಮೀದೇವಿ" ಎಂದಿದ್ದರೆ ಅದನ್ನು ಇಂದೇ ತಿದ್ದಿಸಲು ತೊಡಗಿ. ತಿದ್ದುಪಡಿ ಸೈನಿಕರ ಸೇವಾ ದಾಖಲೆಗಳನ್ನು ಇಡುವ ರೆಕಾರ್ಡ್ ಕಚೇರಿಯ ಮೂಲಕ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ದಾರಿ ತೋರಿಸುತ್ತಾರೆ. ಈ ವಿಷಯದಲ್ಲಿ ನಾನು ಒತ್ತಾಯಿಸಿ ಹೇಳುತ್ತೇನೆ: ವಿದೇಶದಲ್ಲಿರುವಾಗ ಯೋಧನಿಗೆ ಏನಾದರೂ ಆದರೆ ಕುಟುಂಬ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದವಳು ಊರಿನಲ್ಲಿರುವ ಹೆಂಡತಿ. ಅವಳಿಗೆ ಆ ಕಷ್ಟ ಬರದಂತೆ ಮಾಡುವುದು ಹೊರಡುವವನ ಕರ್ತವ್ಯ.

ನೇಮಕಾತಿಯ ದಾರಿ

ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಅನುಮತಿ ಪಡೆಯಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯನ್ನೂ ಮಾಡಿಸಬೇಕು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತಿನ ಈ ವಿಮೆಯಲ್ಲಿ ಅಪಘಾತದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಸಿಗುತ್ತದೆ.

ಏಜೆಂಟರ ನೋಂದಣಿ ಸಂಖ್ಯೆಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯ ಮಿತಿ ಇದೆ. ಲಕ್ಷ, ಒಂದೂವರೆ ಲಕ್ಷ ಕೇಳುವವರು ಕಾನೂನಿನ ಹೊರಗೆ ನಿಂತು ಕೇಳುತ್ತಿದ್ದಾರೆ. ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ಇದೆ, ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸಿಕೊಡುತ್ತೇವೆ" ಎಂಬ ಮಾತನ್ನು, ಹೇಳಿದವರು ಹಳೆಯ ಪಲ್ಟನ್ ಗೆಳೆಯರೇ ಆಗಿದ್ದರೂ, ಒಪ್ಪಿಕೊಳ್ಳಬೇಡಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿ ಅಪರಾಧ, ಮತ್ತು ಆ ಅವಧಿಯಲ್ಲಿ ಸಂಬಳ ಕೊಡದಿದ್ದರೆ ಕೇಳಲು ನಿಮ್ಮ ಕೈಯಲ್ಲಿ ಯಾವ ದಾಖಲೆಯೂ ಇರುವುದಿಲ್ಲ.

ಹದಿನೈದು ವರ್ಷ ಸೇವೆ ಮುಗಿಸಿದ ಮೆಟ್ರಿಕ್ ಪಾಸಾದ ಸೈನಿಕರಿಗೆ ಸೇನೆಯಿಂದ ದೊರೆಯುವ ಪದವಿ ಸಮಾನ ಪ್ರಮಾಣಪತ್ರ ನಮ್ಮ ದೇಶದ ಸರ್ಕಾರಿ ಸಿ ವರ್ಗದ ಹುದ್ದೆಗಳ ಉದ್ದೇಶಕ್ಕೆ ಮಾಡಿದ್ದು. ಅದನ್ನು ವಿಶ್ವವಿದ್ಯಾಲಯದ ಪದವಿಯೆಂದು ವಿದೇಶಿ ಅರ್ಜಿಯಲ್ಲಿ ಬರೆಯಬೇಡಿ. ನಿಜವಾದ ಅಂಕಪಟ್ಟಿ, ವಿವಾಹ ನೋಂದಣಿ ಪತ್ರ ಮತ್ತು ಮಕ್ಕಳ ಜನನ ಪ್ರಮಾಣಪತ್ರಗಳನ್ನು ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಮತ್ತು ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿ, ಈ ಕ್ರಮದಲ್ಲಿ ದೃಢೀಕರಿಸಿಕೊಂಡು ಹೊರಡಿ. ಅಲ್ಲಿಂದ ಕೊರಿಯರ್‌ನಲ್ಲಿ ಕಳುಹಿಸಿ ಈ ಕೆಲಸ ಮಾಡಿಸಿಕೊಳ್ಳುವುದು ದುಬಾರಿ.

ಆಫರ್ ಲೆಟರ್ ಓದುವ ಬಗೆ

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಕಾಗದಕ್ಕೆ. ಯುಎಇಯ ಕಾರ್ಮಿಕ ಸಚಿವಾಲಯದ ನಮೂನೆಯ ಆಫರ್ ಲೆಟರ್ ಅರಬ್ಬಿ ಮತ್ತು ಇಂಗ್ಲಿಷ್ ಜೊತೆಗೆ ಹಿಂದಿ, ತಮಿಳು, ಮಲಯಾಳಂ ಮುಂತಾದ ಭಾಷೆಗಳಲ್ಲೂ ಸಿಗುತ್ತದೆ. ಸೇನೆಯಲ್ಲಿದ್ದವರಿಗೆ ಹಿಂದಿ ಓದಲು ಚೆನ್ನಾಗಿ ಬರುವುದರಿಂದ ಹಿಂದಿ ಪ್ರತಿಯನ್ನೇ ಕೇಳಿ ಪಡೆಯಿರಿ. ಆಮೇಲೆ ಸಹಿ ಹಾಕುವ ಒಪ್ಪಂದದಲ್ಲಿ ಈ ಲೆಟರ್‌ನಲ್ಲಿರುವುದಕ್ಕಿಂತ ಕಡಿಮೆ ಏನನ್ನೂ ಒಪ್ಪಬಾರದು.

ಮೊದಲು ಕಣ್ಣು ಹಾಯಿಸಬೇಕಾದದ್ದು ಒಟ್ಟು ಸಂಬಳದ ಮೇಲಲ್ಲ, ಮೂಲವೇತನದ ಮೇಲೆ. ಇಬ್ಬರು ನೌಕರರಿದ್ದು, ಇಬ್ಬರಿಗೂ ತಿಂಗಳಿಗೆ ಒಟ್ಟು 2,500 ದಿರ್ಹಮ್ (ಯುಎಇಯ ಹಣ) ಎಂದಿಟ್ಟುಕೊಳ್ಳಿ. ಒಬ್ಬನ ಪತ್ರದಲ್ಲಿ ಮೂಲವೇತನ 1,500 ಇದೆ, ಇನ್ನೊಬ್ಬನದರಲ್ಲಿ 1,000 ಇದ್ದು ಉಳಿದದ್ದೆಲ್ಲ ಭತ್ಯೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲವೇತನದಂತೆ ಲೆಕ್ಕ ಹಾಕುತ್ತಾರೆ. ಮೊದಲನೆಯವನಿಗೆ ದಿನಕ್ಕೆ 50 ದಿರ್ಹಮ್‌ನಂತೆ ವರ್ಷಕ್ಕೆ 1,050, ಐದು ವರ್ಷಕ್ಕೆ 5,250 ದಿರ್ಹಮ್ ಆಗುತ್ತದೆ. ಎರಡನೆಯವನಿಗೆ ಐದು ವರ್ಷಕ್ಕೆ ಸಿಗುವುದು 3,500 ಮಾತ್ರ. ಓವರ್‌ಟೈಮ್ ಲೆಕ್ಕಕ್ಕೂ ಮೂಲವೇತನವೇ ಆಧಾರ: ಹೆಚ್ಚುವರಿ ಗಂಟೆಗೆ ಶೇ 25, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರ ನಡುವಿನ ಹೆಚ್ಚುವರಿ ಕೆಲಸಕ್ಕೆ, ಪಾಳಿಯ ನೌಕರರನ್ನು ಬಿಟ್ಟು, ಶೇ 50 ಹೆಚ್ಚು ಕೊಡಬೇಕು. ಭದ್ರತಾ ಸಿಬ್ಬಂದಿಗೆ ಹನ್ನೆರಡು ಗಂಟೆಯ ಪಾಳಿ ಇರುವುದು ಸಾಮಾನ್ಯವಾದ್ದರಿಂದ, "2,500" ಎಂಬ ಮೊತ್ತದಲ್ಲಿ ಓವರ್‌ಟೈಮ್ ಸೇರಿದೆಯೇ, ಅಥವಾ ಅದು ಬೇರೆಯೇ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಪಡೆಯದೆ ಸಹಿ ಮಾಡಬೇಡಿ.

ಇತರ ಷರತ್ತುಗಳನ್ನು ಯುಎಇಯ 2021ರ 33ನೇ ಸಂಖ್ಯೆಯ ಕಾರ್ಮಿಕ ಕಾನೂನಿಗೆ ಹೋಲಿಸಿ ನೋಡಬಹುದು. 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಈ ಕಾನೂನಿನಂತೆ ಪ್ರೊಬೇಷನ್, ಅಂದರೆ ಪರೀಕ್ಷಾರ್ಥ ಅವಧಿ ಆರು ತಿಂಗಳು ಮೀರುವಂತಿಲ್ಲ, ಒಂದು ವರ್ಷ ಸೇವೆಯಾದ ಮೇಲೆ ವರ್ಷಕ್ಕೆ 30 ದಿನಗಳ ಸಂಬಳ ಸಹಿತ ರಜೆ ಇದೆ, ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡುವಂತಿಲ್ಲ. ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತೆಯೂ ಇಲ್ಲ. ದುಬೈನಲ್ಲಿ ಭದ್ರತಾ ಸಿಬ್ಬಂದಿಯಾಗಿ ಕೆಲಸ ಮಾಡಲು ಸೈರಾ ಎಂಬ ನಿಯಂತ್ರಣ ಸಂಸ್ಥೆಯ ತರಬೇತಿ ಪಡೆದು ಪರವಾನಗಿ ಹೊಂದಿರಬೇಕು. ಸೇನೆಯ ಅನುಭವ ಎಷ್ಟೇ ಇದ್ದರೂ ಇದರಿಂದ ವಿನಾಯಿತಿ ಇದೆಯೆಂದು ಭಾವಿಸಬೇಡಿ, ತರಬೇತಿಯ ಶುಲ್ಕ ಯಾರದ್ದು ಮತ್ತು ಆ ದಿನಗಳಿಗೆ ಸಂಬಳವಿದೆಯೇ ಎಂದು ಮೊದಲೇ ಕೇಳಿ.

ಪಿಂಚಣಿ, ಬ್ಯಾಂಕು, ಜಮೀನು

ವಿದೇಶದಲ್ಲಿ ದುಡಿಯುವುದರಿಂದ ಪಿಂಚಣಿ ನಿಲ್ಲುವುದಿಲ್ಲ, ಬದುಕಿದ್ದೇನೆ ಎಂಬುದಕ್ಕೆ ಜೀವಿತ ಪ್ರಮಾಣ ಕೊಡದಿದ್ದರೆ ನಿಲ್ಲುತ್ತದೆ. ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್‌ನಲ್ಲಿ ವರ್ಷಕ್ಕೊಮ್ಮೆ ನಡೆಯುವ ಈ ಗುರುತಿಸುವಿಕೆಯನ್ನು ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರದ ಮೂಲಕವಾಗಲಿ, ಭಾರತೀಯ ಕಾನ್ಸುಲೇಟ್ ಅಧಿಕಾರಿಯ ಸಹಿ ಇರುವ ಪತ್ರದ ಮೂಲಕವಾಗಲಿ ಮಾಡಬಹುದು. ಸ್ಪರ್ಶ್‌ನಲ್ಲಿ ದಾಖಲಾದ ಮೊಬೈಲ್ ಸಂಖ್ಯೆಗೆ ಒಟಿಪಿ ಬರುವುದರಿಂದ ಆ ಸಿಮ್ ಯುಎಇಯಲ್ಲೂ ರೋಮಿಂಗ್‌ನಲ್ಲಿ ಚಾಲ್ತಿಯಲ್ಲಿರಬೇಕು. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಚಿಕಿತ್ಸೆ ಗಲ್ಫ್‌ನ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ, ಊರಿನಲ್ಲಿ ಉಳಿಯುವ ಹೆಂಡತಿ ಮಕ್ಕಳು ಮತ್ತು ಅವಲಂಬಿತ ತಂದೆತಾಯಿಯ ಕಾರ್ಡುಗಳು ಸರಿಯಿವೆಯೇ ನೋಡಿಕೊಳ್ಳಿ.

ಕೆಲಸಕ್ಕಾಗಿ ಹೊರದೇಶದಲ್ಲಿ ನೆಲೆಸುವವರು ತಮ್ಮ ಸಾಧಾರಣ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ, ಅದನ್ನು ಅನಿವಾಸಿಗಳಿಗಾಗಿ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಪಿಂಚಣಿ, ಬಾಡಿಗೆ ಮುಂತಾದ ಇಲ್ಲಿನ ಆದಾಯ ಅದಕ್ಕೆ ಬರಲಿ. ದುಬೈನಿಂದ ಕಳುಹಿಸುವ ಹಣಕ್ಕೆ, ಅನಿವಾಸಿಗಳ ವಿದೇಶಿ ಗಳಿಕೆಗೆಂದೇ ಇರುವ ಎನ್‌ಆರ್‌ಇ ಖಾತೆಯನ್ನು ಪ್ರತ್ಯೇಕವಾಗಿ ತೆರೆದರೆ ಅದರ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ. ಉದ್ಯೋಗಕ್ಕಾಗಿ ಹೊರಟ ಆರ್ಥಿಕ ವರ್ಷದಲ್ಲಿ ಭಾರತದಲ್ಲಿದ್ದ ದಿನಗಳು 182ಕ್ಕಿಂತ ಕಡಿಮೆಯಿದ್ದರೆ ತೆರಿಗೆಯ ದೃಷ್ಟಿಯಿಂದ ಅನಿವಾಸಿಯಾಗುತ್ತೀರಿ, ಆದರೂ ಸಾಮಾನ್ಯ ಸೇವಾ ಪಿಂಚಣಿ ಇಲ್ಲಿ ತೆರಿಗೆಗೆ ಒಳಪಟ್ಟೇ ಇರುತ್ತದೆ. ಊರಿನ ಜಮೀನಿನ ಬಗ್ಗೆ ಅನೇಕರಿಗೆ ಭಯವಿದೆ. ಈಗಾಗಲೇ ನಿಮ್ಮ ಹೆಸರಿಗೆ ಪಹಣಿ ಇರುವ ಕೃಷಿಭೂಮಿಯನ್ನು ಅನಿವಾಸಿಯಾದ ಮೇಲೂ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವುದಕ್ಕೆ ಮಾತ್ರ ಅಡ್ಡಿ. ಬ್ಯಾಂಕು, ಕಂದಾಯ, ವಿದ್ಯುತ್ ಸಂಪರ್ಕದ ವ್ಯವಹಾರಗಳಿಗೆ ಹೆಂಡತಿಯ ಹೆಸರಿನಲ್ಲಿ, ಯಾವ ಕೆಲಸಕ್ಕೆಂದು ಸ್ಪಷ್ಟವಾಗಿ ಬರೆದ ಅಧಿಕಾರ ಪತ್ರವನ್ನು ಹೊರಡುವ ಮೊದಲೇ ಮಾಡಿಸಿಡಿ. ಮಾರುವ ಅಧಿಕಾರವನ್ನು ದೂರದ ಸಂಬಂಧಿಕರಿಗೆ ಬರೆದುಕೊಡುವುದು ಬೇಡ.

ಪೆಟ್ಟಿಗೆ ಕಟ್ಟುವಾಗ

ಗಸಗಸೆ ಯುಎಇಯಲ್ಲಿ ನಿಷಿದ್ಧ ಮಾದಕ ವಸ್ತುಗಳ ಸಾಲಿಗೆ ಸೇರಿದೆ. ಪಾಯಸಕ್ಕೆಂದು ಅಮ್ಮ ಕಟ್ಟಿಕೊಟ್ಟ ಪುಟ್ಟ ಪೊಟ್ಟಣ ಕೂಡ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೆ ಕಾರಣವಾಗಬಹುದು. ಮನೆಯಲ್ಲಿ ಕುಟ್ಟಿದ ಮಸಾಲೆ ಪುಡಿಗೆ ಗಸಗಸೆ ಹುರಿದು ಹಾಕುವ ರೂಢಿ ಇರುವವರು ಆ ಪುಡಿಯನ್ನೂ ಒಯ್ಯಬಾರದು. ಕೊಡೈನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಅಲ್ಲಿನ ಸರ್ಕಾರದ ಮುಂಗಡ ಅನುಮತಿ ಬೇಕು. ಸೇವೆಯಲ್ಲಿದ್ದಾಗ ಆದ ಬೆನ್ನು, ಮಂಡಿಯ ಗಾಯಕ್ಕೆ ಇಂಥ ಮಾತ್ರೆ ನುಂಗುವವರು ವೈದ್ಯರೊಡನೆ ಮಾತನಾಡಿ ಬದಲಿ ಔಷಧ ಬರೆಸಿಕೊಳ್ಳಿ. ಇನ್ನೊಬ್ಬರು ಕೊಟ್ಟ ಗಂಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ. ವಾಟ್ಸ್ಆ್ಯಪ್ ಕರೆ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಬೋಟಿಮ್‌ನಂಥ ಅನುಮತಿಯಿರುವ ಆ್ಯಪನ್ನು ಮನೆಯವರ ಫೋನಿಗೂ ಹಾಕಿಕೊಟ್ಟು ಹೊರಡಿ.

ಕುಟುಂಬವನ್ನು ಕರೆಸಿಕೊಳ್ಳುವುದು

ಹೆಂಡತಿ ಮಕ್ಕಳಿಗೆ ವಾಸದ ವೀಸಾ ಮಾಡಿಸಲು ಕನಿಷ್ಠ 4,000 ದಿರ್ಹಮ್ ಸಂಬಳ, ಅಥವಾ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಇದು ಕಾನೂನಿನ ಕನಿಷ್ಠ ಮಿತಿ, ಸಂಸಾರ ನಡೆಸಲು ಸಾಕಾಗುವ ಮೊತ್ತ ಅಲ್ಲ. ಮನೆ ಬಾಡಿಗೆ, ಕುಟುಂಬದ ಆರೋಗ್ಯ ವಿಮೆ, ಶಾಲೆಯ ಶುಲ್ಕ ಮೂರನ್ನೂ ಕೂಡಿಸಿದರೆ ಇಷ್ಟು ಸಂಬಳದಲ್ಲಿ ಏನೂ ಉಳಿಯದು. ಶಾರ್ಜಾದಲ್ಲಿ ಬಾಡಿಗೆ ದುಬೈಗಿಂತ ಅಗ್ಗವೆಂದು ಅನೇಕರು ಅಲ್ಲಿ ಮನೆ ಹಿಡಿಯುತ್ತಾರೆ, ಆದರೆ ಹನ್ನೆರಡು ಗಂಟೆಯ ಪಾಳಿಯ ಮೇಲೆ ಹೋಗಿಬರುವ ಟ್ರಾಫಿಕ್ಕಿನ ಹೊತ್ತೂ ಸೇರುತ್ತದೆ. ಮೊದಲ ವರ್ಷ ಒಬ್ಬರೇ ಇದ್ದು ಸ್ಥಿತಿಗತಿ ನೋಡಿಕೊಂಡು ಆಮೇಲೆ ಕರೆಸಿಕೊಳ್ಳುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಫೀಲ್ಡ್ ಪೋಸ್ಟಿಂಗ್‌ಗಳಲ್ಲಿ ವರ್ಷಗಟ್ಟಲೆ ಅಗಲಿದ್ದ ಕುಟುಂಬಕ್ಕೆ ಮತ್ತೊಂದು ವರ್ಷ ಅಗಲಿರಿ ಎನ್ನುವುದು ನೋವಿನ ಮಾತು ಎಂದು ತಿಳಿದೇ ಹೇಳುತ್ತಿದ್ದೇನೆ.

ಆರ್ಮಿ ಪಬ್ಲಿಕ್ ಸ್ಕೂಲ್ ಅಥವಾ ಕೇಂದ್ರೀಯ ವಿದ್ಯಾಲಯದಲ್ಲಿ ಸಿಬಿಎಸ್‌ಇ ಓದಿದ ಮಕ್ಕಳಿಗೆ ಅಲ್ಲಿನ ಭಾರತೀಯ ಶಾಲೆಗಳು ಹೊಸದೆನಿಸುವುದಿಲ್ಲ, ಏಪ್ರಿಲ್‌ನಲ್ಲಿಯೇ ವರ್ಷ ಆರಂಭವಾಗುತ್ತದೆ. ರಾಜ್ಯ ಪಠ್ಯಕ್ರಮದಿಂದ ಹೋಗುವ ಮಕ್ಕಳ ವರ್ಗಾವಣೆ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಹಾಕಿಸಿಡಿ. ಅಲ್ಲಿಯೇ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ಜನನ ನೋಂದಣಿ ಮಾಡಿಸಬೇಕು, ಮಗುವಿನ ಭಾರತೀಯ ಪೌರತ್ವ ಅದರ ಮೇಲೆ ನಿಂತಿದೆ.

ತೊಂದರೆ ಎದುರಾದರೆ

ಸಂಬಳ ತಡವಾದರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ಕೆಲಸ ಬಿಟ್ಟು ಹೇಳದೆ ಹೋಗಬೇಡಿ, ಪರಾರಿಯಾದನೆಂದು ಮಾಲೀಕ ದೂರು ಕೊಟ್ಟರೆ ನಿಮ್ಮ ನ್ಯಾಯವಾದ ಬೇಡಿಕೆಯೂ ದುರ್ಬಲವಾಗುತ್ತದೆ. ಕಾರ್ಮಿಕ ಸಚಿವಾಲಯದ ಆ್ಯಪ್‌ನಲ್ಲಿ ದೂರು ದಾಖಲಿಸಿ, ದುಬೈನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಶುಲ್ಕರಹಿತ ಸಂಖ್ಯೆ 800 46342ಕ್ಕೆ ಕರೆ ಮಾಡಿ. ಆಫರ್ ಲೆಟರ್, ಒಪ್ಪಂದ, ವೀಸಾ, ಪಾಸ್‌ಪೋರ್ಟ್‌ಗಳ ಪ್ರತಿ ಹೆಂಡತಿಯ ಬಳಿಯೂ ಇದ್ದರೆ ಊರಿನಿಂದಲೇ ಅವಳು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ಕೊಡಬಹುದು. ಕೆಲಸ ಬಿಟ್ಟು ಮರಳುವಾಗ ಒಪ್ಪಂದದಲ್ಲಿರುವಂತೆ ಮುಂಚಿತ ನೋಟಿಸ್ ಕೊಡಿ, ಬ್ಯಾಂಕಿನ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ ಚುಕ್ತಾ ಪತ್ರ ಪಡೆಯಿರಿ. ಒಪ್ಪಂದ ಮುಗಿದ 14 ದಿನಗಳೊಳಗೆ ಗ್ರಾಚ್ಯುಟಿ ಸಹಿತ ಎಲ್ಲ ಬಾಕಿಯನ್ನು ಮಾಲೀಕ ಕೊಡಬೇಕು. ಹಣ ಖಾತೆಗೆ ಜಮೆಯಾದದ್ದನ್ನು ನೋಡಿಕೊಳ್ಳದೆ "ಎಲ್ಲ ಬಾಕಿ ಸಂದಾಯವಾಗಿದೆ" ಎಂಬ ಪತ್ರಕ್ಕೆ ಸಹಿ ಹಾಕಬೇಡಿ.